ಮನೆಯ ಸೋಡಾ ಯಂತ್ರ

ಕುಡಿಯುವ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಒತ್ತಡದಿಂದ ಕರಗಿಸಿ, ಗುಳ್ಳೆಯೇಳುವ ನೀರನ್ನು ಮನೆಯಲ್ಲೇ ತಯಾರಿಸಿಕೊಳ್ಳುವ ಸಾಧನ. ಬಳಕೆಯ ಮಾತಿನಲ್ಲಿ ಸೋಡಾ ಮೇಕರ್, ಸೋಡಾ ಮೆಷಿನ್. ಅಡಿಗೆಮನೆಯ ಕಟ್ಟೆಯ ಮೇಲೆ ಮಿಕ್ಸಿಯ ಪಕ್ಕ ಕೂರುವಷ್ಟು ಚಿಕ್ಕದು. ಹೆಚ್ಚಿನವಕ್ಕೆ ವಿದ್ಯುತ್ತೂ ಬೇಡ. ಒಳಗೆ ಮುಖ್ಯವಾಗಿ ಇರುವುದು ಅನಿಲ ತುಂಬಿದ ಸಿಲಿಂಡರ್, ಅದರ ಬಾಯನ್ನು ಒತ್ತಿ ತೆರೆಯುವ ಗುಂಡಿ ಅಥವಾ ಹಿಡಿಕೆ, ಬಾಟಲಿಯ ನೀರಿನೊಳಕ್ಕೆ ಇಳಿಯುವ ಸಣ್ಣ ಕೊಳವೆ, ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಳ್ಳುವ ಸುರಕ್ಷಾ ಕವಾಟ. ಇಷ್ಟು ಸರಳವಾದ ಯಂತ್ರದಲ್ಲಿ ಆಯ್ಕೆ ಮಾಡಲು ಏನಿದೆ ಎನ್ನಿಸಬಹುದು. ಕೊಂಡ ಮೊದಲ ತಿಂಗಳು ಎಲ್ಲ ಯಂತ್ರಗಳೂ ಚೆನ್ನಾಗಿಯೇ ಇರುತ್ತವೆ. ಮೊದಲ ಸಿಲಿಂಡರ್ ಖಾಲಿಯಾದ ದಿನ ವ್ಯತ್ಯಾಸ ಗೊತ್ತಾಗುತ್ತದೆ. ಎಮ್ಮೆ ಕೊಳ್ಳುವವರು ಕೊಂಬಿನ ಅಂದಕ್ಕಿಂತ ಮೊದಲು ಮೇವಿನ ದಾರಿ ಯೋಚಿಸುವಂತೆ, ಇಲ್ಲಿ ಮೊದಲು ವಿಚಾರಿಸಬೇಕಾದದ್ದು ಅನಿಲದ ದಾರಿ.

ಸೋಡಾ ಎಂಬ ಮಾತು ನಮ್ಮ ಮನೆಗಳಲ್ಲಿ ಮೂರು ವಸ್ತುಗಳಿಗೆ ಸಲ್ಲುತ್ತದೆ. ಬೋಂಡಾ ಹಿಟ್ಟಿಗೆ ಚಿಟಿಕೆ ಹಾಕುವ ಅಡಿಗೆ ಸೋಡಾ, ಬಟ್ಟೆ ಒಗೆಯುವ ಸೋಡಾ, ಬಾಟಲಿಯ ಸೋಡಾ. ಮೊದಲೆರಡು ಸೋಡಿಯಂ ಲವಣಗಳು. ಮೂರನೆಯದಕ್ಕೂ ಹಿಂದೆ ಸೋಡಿಯಂ ಬೈಕಾರ್ಬೊನೇಟ್ ಬೆರೆಸುತ್ತಿದ್ದರು. ಆ ರೂಢಿ ಸಡಿಲಿದ ಮೇಲೂ ಹೆಸರು ಉಳಿಯಿತು. ಯಂತ್ರದಿಂದ ಮನೆಯಲ್ಲಿ ಮಾಡಿದ ನೀರಿನಲ್ಲಿ ಅನಿಲವಲ್ಲದೆ ಹೊಸದಾಗಿ ಸೇರಿದ್ದು ಏನೂ ಇಲ್ಲ. ಅಂಗಡಿಯ ಕ್ಲಬ್ ಸೋಡಾದಲ್ಲಿ ಮಾತ್ರ ಸೋಡಿಯಂ ಲವಣಗಳನ್ನು ಸೇರಿಸಿರಬಹುದು. ರಕ್ತದೊತ್ತಡಕ್ಕಾಗಿ ಉಪ್ಪು ಬಿಟ್ಟವರು ಬಾಟಲಿಯ ಚೀಟಿ ಓದಿ ಕುಡಿಯುವುದು ಲೇಸು.

ಹಿನ್ನೆಲೆ

ನೆಲದಿಂದಲೇ ಗುಳ್ಳೆಯೊಡನೆ ಉಕ್ಕುವ ನೀರನ್ನು ಯೂರೋಪಿನವರು ಬಹಳ ಹಿಂದಿನಿಂದ ಔಷಧಿಯೆಂದು ಕುಡಿಯುತ್ತಿದ್ದರು. ಜರ್ಮನಿಯ ಸೆಲ್ಟರ್ಸ್ ಎಂಬ ಊರಿನ ಚಿಲುಮೆಯಿಂದಲೇ ಸೆಲ್ಟ್ಸರ್ ಎಂಬ ಹೆಸರು ಬಂತು. ಅಂಥ ನೀರನ್ನು ಮನುಷ್ಯರೇ ಮಾಡಬಹುದೆಂದು ತೋರಿಸಿದವರಲ್ಲಿ ಮುಖ್ಯನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ. 1767ರಲ್ಲಿ ಲೀಡ್ಸ್ ಊರಿಗೆ ಪಾದ್ರಿಯಾಗಿ ಬಂದ ಆತನ ಮನೆಯ ಪಕ್ಕದಲ್ಲೇ ಬಿಯರ್ ತಯಾರಿಸುವ ಕಾರ್ಖಾನೆಯಿತ್ತು. ಹುದುಗುತ್ತಿದ್ದ ತೊಟ್ಟಿಗಳ ಮೇಲೆ ಭಾರವಾದ ಒಂದು ಗಾಳಿ ಹಾಸಿಕೊಂಡಿರುವುದನ್ನು ನೋಡಿ, ಆ ಪದರದಲ್ಲಿ ನೀರಿನ ಪಾತ್ರೆಯನ್ನಿಟ್ಟ; ನೀರಿಗೆ ಚುರುಕು ರುಚಿ ಬಂತು. ಅನಂತರ ಸೀಮೆಸುಣ್ಣದ ಮೇಲೆ ಗಂಧಕಾಮ್ಲ ಹಾಕಿ ಅದೇ ಗಾಳಿಯನ್ನು ಹೊರಡಿಸುವ ಕ್ರಮವನ್ನು 1772ರಲ್ಲಿ ಕಿರುಹೊತ್ತಿಗೆಯಾಗಿ ಪ್ರಕಟಿಸಿದ. ಈ ನೀರು ನಾವಿಕರ ಸ್ಕರ್ವಿ ರೋಗವನ್ನು ತಡೆದೀತೆಂಬ ಅವನ ಆಸೆ ಹುಸಿಯಾಯಿತು. ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲಿ ಪದಕವಂತೂ 1773ರಲ್ಲಿ ದಕ್ಕಿತು. ಅದೇ ಕಾಲಕ್ಕೆ ಸ್ವೀಡನ್ನಿನ ಟಾರ್ಬರ್ನ್ ಬರ್ಗ್‌ಮನ್ ಕೂಡ ಇಂಥ ನೀರನ್ನು ತಯಾರಿಸಿದ್ದ.

ಪ್ರೀಸ್ಟ್ಲಿಯ ಉಪಕರಣದಲ್ಲಿ ಅನಿಲವನ್ನು ಹಿಡಿದಿಡಲು ಹಂದಿಯ ಮೂತ್ರಕೋಶದ ಚೀಲವಿತ್ತು. ಅದರಿಂದ ನೀರಿಗೆ ಮೂತ್ರದ ವಾಸನೆ ಬರುತ್ತದೆಂದು ಆಕ್ಷೇಪಿಸಿದ ವೈದ್ಯ ಜಾನ್ ಮರ್ವಿನ್ ನೂತ್, ಒಂದರ ಮೇಲೊಂದು ಕೂರುವ ಗಾಜಿನ ಪಾತ್ರೆಗಳ ಉಪಕರಣವನ್ನು 1775ರಲ್ಲಿ ವಿವರಿಸಿದ. ಮನೆಯೊಳಗಿಟ್ಟು ಬಳಸಬಹುದಾದ ಸೋಡಾ ಯಂತ್ರಗಳ ಹಿರಿಯಜ್ಜ ಎಂದರೆ ಅದೇ. ಇತ್ತ ಜಿನೀವದಲ್ಲಿ ನೆಲೆಸಿದ್ದ ಯೋಹಾನ್ ಯಾಕೊಬ್ ಷ್ವೆಪ್ 1783ರಲ್ಲಿ ಈ ನೀರನ್ನು ವ್ಯಾಪಾರದ ಸರಕಾಗಿಸಿದ. 1792ರಲ್ಲಿ ಲಂಡನ್ನಿಗೆ ಬಂದ. ಇಂದಿಗೂ ಉಳಿದಿರುವ ಷ್ವೆಪ್ಸ್ ಹೆಸರು ಅವನದೇ.

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಗ್ಯಾಸೊಜೀನ್ ಎಂಬ ಸಾಧನ ಯೂರೋಪಿನ ಅನುಕೂಲಸ್ಥರ ಮನೆ ಹೊಕ್ಕಿತು. ಎರಡು ಗಾಜಿನ ಬುರುಡೆಗಳು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಟಾರ್ಟಾರಿಕ್ ಆಮ್ಲ ಮತ್ತು ಸೋಡಿಯಂ ಬೈಕಾರ್ಬೊನೇಟಿನ ಪುಡಿ. ಆಗಾಗ ಸಿಡಿಯುತ್ತಿದ್ದುದರಿಂದ ಸುತ್ತ ತಂತಿಬಲೆಯನ್ನೋ ಬೆತ್ತದ ಹೆಣಿಗೆಯನ್ನೋ ಹಾಕುತ್ತಿದ್ದರು. ಷೆರ್ಲಾಕ್ ಹೋಮ್ಸ್ ಕಥೆ ಓದಿದವರಿಗೆ ಬೇಕರ್ ಬೀದಿಯ ಆ ಕೋಣೆಯ ಮೂಲೆಯಲ್ಲಿದ್ದ ಗ್ಯಾಸೊಜೀನ್ ನೆನಪಿರಬಹುದು. ಶತಮಾನದ ಕೊನೆಯ ಹೊತ್ತಿಗೆ ಅನಿಲವನ್ನು ದ್ರವವಾಗಿಸಿ ಬೆರಳುದ್ದದ ಉಕ್ಕಿನ ಗುಳಿಗೆಯಲ್ಲಿ ತುಂಬಿಸುವ ವಿದ್ಯೆ ಕೈಗೂಡಿತು. ಸ್ಪಾರ್ಕ್‌ಲೆಟ್ ಎಂಬ ಹೆಸರಿನ ಆ ಗುಳಿಗೆಯಿಂದ ಆಮ್ಲ, ಪುಡಿಗಳ ಗೊಡವೆ ತಪ್ಪಿತು.

ಇಂದಿನ ಯಂತ್ರಗಳ ನೇರ ಪೂರ್ವಜ 1903ರದು. ಲಂಡನ್ನಿನ ಜಿನ್ ವ್ಯಾಪಾರಿ ಮನೆತನದ ಗೈ ಗಿಲ್ಬಿ ರೂಪಿಸಿದ ಆ ಯಂತ್ರವೇ ಮುಂದೆ ಸೋಡಾಸ್ಟ್ರೀಮ್ ಎಂಬ ಹೆಸರಿನಲ್ಲಿ ಬೆಳೆಯಿತು; 1970-80ರ ದಶಕಗಳಲ್ಲಿ ಬ್ರಿಟನ್ನಿನ ಮಕ್ಕಳಿದ್ದ ಮನೆಗಳ ಸಾಮಾನ್ಯ ವಸ್ತುವಾಯಿತು. 1998ರಲ್ಲಿ ಅದನ್ನು ಕೊಂಡದ್ದು ಇಸ್ರೇಲಿನ ಸೋಡಾಕ್ಲಬ್. ತನ್ನ ಜಾಹೀರಾತುಗಳಲ್ಲಿ ಬಾಟಲಿ ಪಾನೀಯಗಳನ್ನು ಗೇಲಿ ಮಾಡುತ್ತಿದ್ದ ಈ ಕಂಪನಿಯನ್ನು 2018ರಲ್ಲಿ ಸುಮಾರು 320 ಕೋಟಿ ಡಾಲರಿಗೆ ಕೊಳ್ಳಲು ಮುಂದಾದದ್ದು ಬಾಟಲಿ ಪಾನೀಯಗಳ ದೈತ್ಯ ಪೆಪ್ಸಿಕೊ.

ಭಾರತದಲ್ಲಿ ಸೋಡಾ ಮನೆಗಿಂತ ಹೆಚ್ಚಾಗಿ ಬೀದಿಯಲ್ಲಿ ಬೆಳೆಯಿತು. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಗೋಲಿ ಬಾಟಲಿ, ಲೋಹದ ಬಿರಡೆ ಬಂದ ಮೇಲೆ ತವರಿನಲ್ಲಿ ಮೂಲೆ ಸೇರಿತು. ಇಲ್ಲಿ ಮತ್ತು ಜಪಾನಿನಲ್ಲಿ ಉಳಿಯಿತು. ಕರ್ನಾಟಕದ ಹಳೆಯ ಸೋಡಾ ಅಂಗಡಿಗಳಲ್ಲಿ ಮೂರು ನಾಲ್ಕು ಗೋಲಿ ಬಾಟಲಿಗಳನ್ನು ಒಂದು ಪೆಟ್ಟಿಗೆಯಲ್ಲಿ ಸಿಕ್ಕಿಸಿ, ಸಿಲಿಂಡರಿನ ಗ್ಯಾಸ್ ಬಿಟ್ಟು, ಹಿಡಿಕೆ ಹಿಡಿದು ಗರಗರ ತಿರುಗಿಸುತ್ತಿದ್ದುದು ಹಿರಿಯರಿಗೆ ಗೊತ್ತು. ಆ ತಿರುಗಾಟ ತೋರಿಕೆಯದಲ್ಲ. ಅಲುಗಿದಷ್ಟೂ ನೀರಿಗೂ ಅನಿಲಕ್ಕೂ ಹೆಚ್ಚು ಮೈ ಸೋಕುತ್ತದೆ, ಬೇಗ ಕರಗುತ್ತದೆ. ತಿರುಗಿಸುವುದು ನಿಂತಾಗ ಒಳಗಿನ ಒತ್ತಡವೇ ಗೋಲಿಯನ್ನು ಕತ್ತಿನ ರಬ್ಬರ್ ವಾಷರಿಗೆ ಒತ್ತಿ ಬಾಯಿ ಮುಚ್ಚುತ್ತದೆ. ಮನೆಯ ಯಂತ್ರದ ಕೊಳವೆ ನೀರಿನೊಳಗೆ ಅನಿಲವನ್ನು ಸಣ್ಣ ಗುಳ್ಳೆಗಳಾಗಿ ಚಿಮ್ಮಿಸಿ ಮಾಡುವುದೂ ಈ ತಿರುಗಾಟದ ಕೆಲಸವನ್ನೇ.

ಗುಳ್ಳೆಯ ಲೆಕ್ಕ

ಅನಿಲ ಎಷ್ಟು ಕರಗುತ್ತದೆ ಎಂಬುದು ಎರಡರ ಮೇಲೆ ನಿಂತಿದೆ: ಒತ್ತಡ ಮತ್ತು ತಣ್ಪು. ಒತ್ತಡ ಇಮ್ಮಡಿಯಾದರೆ ಕರಗುವ ಅನಿಲವೂ ಇಮ್ಮಡಿ ಎಂಬ ನಿಯಮವನ್ನು ವಿಲಿಯಂ ಹೆನ್ರಿ 1803ರಲ್ಲಿ ಹೇಳಿದ. ತಣ್ಪಿನ ಪ್ರಭಾವವನ್ನು ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಸಾಮಾನ್ಯ ವಾಯುಮಂಡಲದ ಒತ್ತಡದಲ್ಲಿ ಒಂದು ಲೀಟರ್ ನೀರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 1.5 ಗ್ರಾಂ ಅನಿಲವನ್ನು ಹಿಡಿದರೆ, 5 ಡಿಗ್ರಿಯಲ್ಲಿ ಸುಮಾರು 2.8 ಗ್ರಾಂ ಹಿಡಿಯುತ್ತದೆ. ಯಂತ್ರ ಅದೇ, ಗುಂಡಿ ಒತ್ತಿದ ಸಲವೂ ಅಷ್ಟೇ. ಫ್ರಿಜ್ಜಿನ ನೀರು ಹೆಚ್ಚುಕಡಿಮೆ ಇಮ್ಮಡಿ ಚುರುಕಾಗುತ್ತದೆ. ಯಂತ್ರದಲ್ಲಿ ಗ್ಯಾಸೇ ಬರುತ್ತಿಲ್ಲ ಎಂದು ದೂರುವವರು ಮೊದಲು ಮಾಡಬೇಕಾದ ರಿಪೇರಿ ನೀರನ್ನು ಫ್ರಿಜ್ಜಿನಲ್ಲಿಡುವುದು.

ಖಾರವಾದ ಸೋಡಾ ಎನ್ನಿಸಿಕೊಳ್ಳಲು ಲೀಟರಿಗೆ 6ರಿಂದ 8 ಗ್ರಾಂ ಅನಿಲ ಕರಗಿರಬೇಕು. ಅಷ್ಟು ಅನಿಲವಿರುವ ಮುಚ್ಚಿದ ಬಾಟಲಿಯೊಳಗೆ 5 ಡಿಗ್ರಿಯಲ್ಲಿ ಮೂರು ವಾಯುಮಂಡಲದಷ್ಟು ಒತ್ತಡವಿದ್ದರೆ, ಅದೇ ಬಾಟಲಿಯನ್ನು 30 ಡಿಗ್ರಿಯ ಕೋಣೆಯಲ್ಲಿ ಬಿಟ್ಟಾಗ ಆರನ್ನು ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗಿನಿಂದ ತಂದ ಸೋಡಾ ಬಾಟಲಿ ತೆರೆದಾಗ ಸೀಲಿಂಗಿನವರೆಗೆ ಹಾರುವುದು ಇದಕ್ಕೇ.

ಬಗೆಗಳು

ಮನೆಬಳಕೆಯ ಸಾಧನಗಳಲ್ಲಿ ಹಳೆಯ, ಇಂದಿಗೂ ಮರ್ಯಾದೆ ಉಳಿಸಿಕೊಂಡಿರುವ ಬಗೆ ಸೈಫನ್. ದಪ್ಪ ಲೋಹದ ಒಂದು ಲೀಟರಿನ ಬಾಟಲಿ; ತಲೆಯಲ್ಲಿ ಹಿಡಿಕೆ, ಮೂತಿ. 8 ಗ್ರಾಂ ಅನಿಲದ ಗುಳಿಗೆಯನ್ನು ತಿರುಪಿದರೆ ಅದರ ಬಾಯಿ ಚುಚ್ಚಿಕೊಂಡು ಅನಿಲವೆಲ್ಲ ಒಳಹೊಕ್ಕು ಅಲ್ಲೇ ಉಳಿಯುತ್ತದೆ. ಬಾಟಲಿಯನ್ನು ಕುಲುಕಿ ಫ್ರಿಜ್ಜಿನಲ್ಲಿಟ್ಟರೆ ದಿನಗಟ್ಟಲೆ ಚುರುಕು ಮಾಸದು, ಏಕೆಂದರೆ ಸುರಿಯುವಾಗ ಮುಚ್ಚಳ ತೆರೆಯುವ ಪ್ರಮೇಯವೇ ಇಲ್ಲ. ವಿಯೆನ್ನಾದ ಐಎಸ್‌ಐ ಕಂಪನಿಯ ಸೈಫನ್‌ಗಳು ಹೆಸರುವಾಸಿ. ತೊಡಕು ಒಂದೇ: ಲೀಟರಿಗೊಂದು ಗುಳಿಗೆ, ಅಂದರೆ ಲೀಟರಿಗೊಂದು ಉಕ್ಕಿನ ತುಂಡು ಗುಜರಿಗೆ. ಇನ್ನೊಂದು ಎಚ್ಚರವನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಕೇಕಿನ ಕೆನೆ ಉಬ್ಬಿಸುವ ನೈಟ್ರಸ್ ಆಕ್ಸೈಡಿನ ಗುಳಿಗೆಯೂ ನೋಡಲು ಥೇಟ್ ಹೀಗೇ ಇರುತ್ತದೆ. ಪೆಟ್ಟಿಗೆಯ ಮೇಲಿನ ಹೆಸರು ಓದಿಯೇ ಕೊಳ್ಳಬೇಕು.

ಎರಡನೆಯದು ಈಗ ಹೆಚ್ಚು ಮಾರಾಟವಾಗುವ, ನಿಂತ ಕಂಬದಂಥ ಯಂತ್ರ. ಬೆನ್ನಿನಲ್ಲಿ ಮರುತುಂಬುವ ಸಿಲಿಂಡರ್, ಮುಂದೆ ಬಾಟಲಿ. ಗೆರೆಯವರೆಗೆ ನೀರು ತುಂಬಿಸಿ, ಬಾಟಲಿಯನ್ನು ತಿರುಪಿಯೋ ಸಿಕ್ಕಿಸಿಯೋ, ಗುಂಡಿಯನ್ನು ಎರಡು ಮೂರು ಸಲ ಒತ್ತಿದರೆ ಸುರಕ್ಷಾ ಕವಾಟ ಬುರ್ರೆಂದು ಸದ್ದು ಮಾಡುತ್ತದೆ. ಕೆಲಸ ಮುಗಿಯಿತು ಎಂಬುದಕ್ಕೆ ಅದೇ ಗುರುತು. ಸೋಡಾಸ್ಟ್ರೀಮ್ ಈ ಬಗೆಯ ಹಿರಿಯ. ಸ್ವೀಡನ್ನಿನ ಆರ್ಕೆ ಸ್ಟೀಲಿನ ಮೈಯಿಂದ, ನೋಟದ ಅಂದದಿಂದ ಬೆಲೆ ಏರಿಸಿಕೊಂಡಿದೆ. ಭಾರತದ ಪೇಟೆಯಲ್ಲಿ ಮಿಸ್ಟರ್ ಬಟ್ಲರ್ ಎಂಬ ಹೆಸರು ಪರಿಚಿತ. ಒಳಗಿನ ಕವಾಟ, ಕೊಳವೆಗಳ ಕೆಲಸದಲ್ಲಿ ಅಗ್ಗದ್ದಕ್ಕೂ ದುಬಾರಿಯದಕ್ಕೂ ನಾಲಗೆಗೆ ತಿಳಿಯುವಂಥ ಅಂತರವಿಲ್ಲ. ಹೆಚ್ಚು ಕೊಟ್ಟರೆ ಸಿಗುವುದು ಅಲುಗಾಡದ ತೂಕ, ಮುರಿಯದ ಹಿಡಿಕೆ, ಅತಿಥಿಗಳ ಮೆಚ್ಚುಗೆ.

ಇದೇ ಬಗೆಯಲ್ಲಿ ಗುಂಡಿ ಒತ್ತುವ ಕೆಲಸವನ್ನು ಮೋಟಾರಿಗೆ ಬಿಟ್ಟ ವಿದ್ಯುತ್ ಯಂತ್ರಗಳೂ ಇವೆ. ಕೈಬೆರಳುಗಳಲ್ಲಿ ಸಂಧಿವಾತ ಇರುವವರಿಗೆ ಅವು ನಿಜವಾದ ಉಪಕಾರ. ಉಳಿದವರಿಗೆ ಕೆಡಬಹುದಾದ ಇನ್ನೊಂದು ಭಾಗ ಅಷ್ಟೆ.

ಮೇಲಿನ ಯಂತ್ರಗಳಲ್ಲಿ ಬರಿಯ ನೀರಿಗೆ ಮಾತ್ರ ಅನಿಲ ಬಿಡಬೇಕು. ಪಾನಕ, ಹಣ್ಣಿನ ರಸ ಹಾಕಿದರೆ ನೊರೆಯುಕ್ಕಿ ಸಕ್ಕರೆ ಕವಾಟದೊಳಗೆ ಅಂಟುತ್ತದೆ. ಅಂಟಿದ ಸುರಕ್ಷಾ ಕವಾಟ ಬೇಕಾದಾಗ ತೆರೆಯುವುದಿಲ್ಲ. ಯಾವ ಪಾನೀಯಕ್ಕಾದರೂ ಅನಿಲ ಬಿಡಬಹುದಾದ, ಒತ್ತಡವನ್ನು ನಿಧಾನ ಇಳಿಸುವ ಮುಚ್ಚಳವುಳ್ಳ ಡ್ರಿಂಕ್‌ಮೇಟ್‌ನಂಥ ಯಂತ್ರಗಳು ಬೇರೆಯೇ ಇವೆ. ನಮ್ಮ ರೂಢಿಗೆ ಅವುಗಳ ಅಗತ್ಯ ಅಷ್ಟಾಗಿ ಕಾಣದು. ಪುನರ್ಪುಳಿಯ ಪಾಕ, ನಿಂಬೆರಸ, ನನ್ನಾರಿ ಶರಬತ್ತು ಮೊದಲೇ ಗಟ್ಟಿಯಾಗಿ ಸಿದ್ಧವಿರುತ್ತವೆ. ಲೋಟದಲ್ಲಿ ಅದನ್ನು ಹಾಕಿಕೊಂಡು ಮೇಲಿಂದ ಸೋಡಾ ಸುರಿದರೆ ಸಾಕು. ಸುರಿಯುವುದು ಲೋಟದ ಬದಿಯಿಂದ, ಮೆಲ್ಲಗೆ. ಉಪ್ಪು, ಜೀರಿಗೆ ಪುಡಿ ಹಾಕುವುದಿದ್ದರೆ ಕಡೆಯಲ್ಲಿ. ಪುಡಿಯ ಕಣಕಣದ ಸುತ್ತ ಗುಳ್ಳೆ ಹುಟ್ಟುವುದರಿಂದ ಮಸಾಲ ಸೋಡಾ ಲೋಟದಿಂದ ಹೊರಗೆ ನೆಗೆಯುತ್ತದೆ.

ದಿನಕ್ಕೆ ಮೂರು ನಾಲ್ಕು ಲೀಟರ್ ಖರ್ಚಾಗುವ ಮನೆಗಳಲ್ಲಿ ಕೆಲವರು ಹೋಟೆಲಿನವರ ದಾರಿ ಹಿಡಿಯುತ್ತಾರೆ. 5 ಕಿಲೋ ಅನಿಲದ ಸಿಲಿಂಡರ್, ಒತ್ತಡ ಇಳಿಸುವ ರೆಗ್ಯುಲೇಟರ್, ನಳಿಕೆ, ಸಾಮಾನ್ಯ ಪೆಟ್ ಬಾಟಲಿಗೆ ಕೂರುವ ವಿಶೇಷ ಮುಚ್ಚಳ. ತಣ್ಣೀರು ತುಂಬಿದ ಬಾಟಲಿಯ ಗಾಳಿ ಹಿಂಡಿ, ಅನಿಲ ಬಿಟ್ಟು, ಅರ್ಧ ನಿಮಿಷ ಕುಲುಕುವುದು. ಅದೇ ಗೋಲಿ ಸೋಡಾ ವಿದ್ಯೆ. ಲೀಟರಿಗೆ ಬೀಳುವ ವೆಚ್ಚ ಇದರಲ್ಲಿ ಅತಿ ಕಡಿಮೆ. ರೆಗ್ಯುಲೇಟರ್ ಅರ್ಥವಾಗದವರು ಮಾತ್ರ ಇದರ ತಂಟೆಗೆ ಹೋಗಬಾರದು. ಸಿಂಕಿನ ಕೆಳಗೆ ಕೂತು ನಲ್ಲಿಯಲ್ಲೇ ಸೋಡಾ ಬಿಡುವ ಯಂತ್ರಗಳೂ ಉಂಟು. ಮನೆಗಿಂತ ಕಚೇರಿಗಳಿಗೆ ಹೊಂದುವ ವಸ್ತು.

ಆಮ್ಲ ಮತ್ತು ಅಡಿಗೆ ಸೋಡಾದಿಂದ ಅನಿಲ ಹೊರಡಿಸುವ, ಗ್ಯಾಸೊಜೀನಿನ ವಂಶದ ಕಿಟ್‌ಗಳು ಈಗಲೂ ದೊರೆಯುತ್ತವೆ. 8 ಗ್ರಾಂ ಅನಿಲಕ್ಕೆ ಸುಮಾರು 15 ಗ್ರಾಂ ಅಡಿಗೆ ಸೋಡಾ, 12 ಗ್ರಾಂ ಸಿಟ್ರಿಕ್ ಆಮ್ಲ ಬೇಕು. ಅನಿಲವು ಬೇರೆ ಪಾತ್ರೆಯಲ್ಲಿ ಹುಟ್ಟಿ ನಳಿಕೆಯಲ್ಲಿ ಬಂದರೆ ಚಿಂತೆಯಿಲ್ಲ. ಕುಡಿಯುವ ಲೋಟದಲ್ಲೇ ಎರಡನ್ನೂ ಬೆರೆಸಿದರೆ ಉಪ್ಪುಪ್ಪಾದ ಸೋಡಿಯಂ ಸಿಟ್ರೇಟ್ ಹೊಟ್ಟೆಗೆ ಹೋಗುತ್ತದೆ. ಲೀಟರಿಗೆ ನಾಲ್ಕು ಗ್ರಾಂ ಮೀರಿದ ಸೋಡಿಯಂ ಎಂದರೆ ಸಣ್ಣ ಮಾತಲ್ಲ.

ಸಿಲಿಂಡರ್

ಮನೆಯ ಯಂತ್ರದ ಮಾಮೂಲಿ ಸಿಲಿಂಡರಿನಲ್ಲಿ 400ರಿಂದ 425 ಗ್ರಾಂ ಅನಿಲ ಹಿಡಿಯುತ್ತದೆ. ಪೆಟ್ಟಿಗೆಯ ಮೇಲೆ 60 ಲೀಟರ್ ಎಂದು ಬರೆದಿರುತ್ತದೆ. ಭಾಗಿಸಿ ನೋಡಿದರೆ ಲೀಟರಿಗೆ 7 ಗ್ರಾಂ, ಅದೂ ಒಂದು ಗುಳ್ಳೆಯೂ ಪೋಲಾಗದಿದ್ದರೆ. ಬುರ್ರೆಂದು ಕವಾಟದಿಂದ ಹೋದದ್ದು, ಬಾಟಲಿ ಬಿಚ್ಚುವಾಗ ಹಾರಿದ್ದು ಸೇರಿಸಿದರೆ ಲೀಟರಿಗೆ 10-12 ಗ್ರಾಂ ಬೇಕಾಗುತ್ತದೆ. ಆದ್ದರಿಂದ ಖಾರದ ಸೋಡಾ ಕುಡಿಯುವ ಮನೆಗೆ 35ರಿಂದ 40 ಲೀಟರ್ ಎಂದುಕೊಳ್ಳುವುದು ವಾಸ್ತವಕ್ಕೆ ಹತ್ತಿರ.

ಒಳಗಿರುವುದು ದ್ರವರೂಪದ ಅನಿಲ. 20 ಡಿಗ್ರಿಯಲ್ಲಿ ಅದರ ಒತ್ತಡ ವಾಯುಮಂಡಲದ ಐವತ್ತೇಳು ಪಟ್ಟಿನ ಆಸುಪಾಸು. ದ್ರವದ ಕಡೆಯ ಹನಿ ಇರುವವರೆಗೂ ಒತ್ತಡ ಇಳಿಯುವುದಿಲ್ಲ. ಹಾಗಾಗಿ ಎಷ್ಟು ಉಳಿದಿದೆ ಎಂಬುದನ್ನು ಮುಳ್ಳಿನ ಮೀಟರು ಹೇಳಲಾರದು. ಅಡಿಗೆಮನೆಯ ತಕ್ಕಡಿಯ ಮೇಲಿಟ್ಟು ತೂಗಿ, ಸಿಲಿಂಡರಿನ ಮೇಲೆ ಕೊಟ್ಟಿರುವ ಖಾಲಿ ತೂಕವನ್ನು ಕಳೆಯುವುದೇ ಸರಿಯಾದ ಕ್ರಮ. ಮರುತುಂಬಿಸಿ ತಂದ ಸಿಲಿಂಡರನ್ನೂ ಹೀಗೇ ತೂಗಬೇಕು. ಅರ್ಧ ತುಂಬಿಸಿ ಪೂರ್ತಿ ದುಡ್ಡು ಪಡೆಯುವುದು ಅಪರೂಪದ ಸಂಗತಿಯೇನಲ್ಲ.

31.1 ಡಿಗ್ರಿ ಸೆಲ್ಸಿಯಸ್ ಈ ಅನಿಲದ ಸಂದಿಗ್ಧ ಉಷ್ಣತೆ. ಅದಕ್ಕಿಂತ ಹೆಚ್ಚಿನ ಬಿಸಿಯಲ್ಲಿ ಎಷ್ಟೇ ಒತ್ತಿದರೂ ಅನಿಲ ದ್ರವವಾಗಿ ಉಳಿಯದು. ಒತ್ತಡ ಬೇಗಬೇಗ ಏರುತ್ತದೆ. ಮಡಿಕೇರಿಯಲ್ಲಿ ಇದು ಪುಸ್ತಕದ ಮಾತು. 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಬೇಸಗೆಯಲ್ಲಿ ಹಾಗಲ್ಲ. ಅತಿಯಾಗಿ ತುಂಬಿದ ಸಿಲಿಂಡರನ್ನು ಬಿಸಿಲಿಗೆ ಬಿಟ್ಟರೆ ಒಡೆತ ತಡೆಯುವ ಸುರಕ್ಷಾ ಬಿಲ್ಲೆ ಹರಿದು ಅನಿಲವೆಲ್ಲ ಭುಸ್ಸೆಂದು ಹೋಗುತ್ತದೆ. ನೆರಳಿನಲ್ಲಿ, ಒಲೆಯಿಂದ ದೂರ, ನೆಟ್ಟಗೆ ನಿಲ್ಲಿಸಿಡಬೇಕು. ಓರೆಯಾಗಿ ಬಳಸಿದರೆ ಅನಿಲದ ಬದಲು ದ್ರವವೇ ಯಂತ್ರಕ್ಕೆ ಹರಿದು, ಹಿಮದ ಪುಡಿಯಾಗಿ ಕವಾಟ ಕಟ್ಟಿಕೊಳ್ಳುತ್ತದೆ. ಆ ಹಿಮ ಶೂನ್ಯಕ್ಕಿಂತ 78 ಡಿಗ್ರಿ ಕೆಳಗಿನದು, ಬರಿಗೈಗೆ ತಗುಲಬಾರದು.

ಯಂತ್ರ ತಯಾರಿಸುವವರಿಗೆ ನಿಜವಾದ ಲಾಭ ಯಂತ್ರದಲ್ಲಿಲ್ಲ, ಈ ಮರುತುಂಬುವಿಕೆಯಲ್ಲಿದೆ. ಸಿಲಿಂಡರ್ ನಮ್ಮದು, ನಾವೇ ತುಂಬಬೇಕು ಎಂಬ ಪಟ್ಟಿನ ಬಗ್ಗೆ ಜರ್ಮನಿಯಲ್ಲಿ ವ್ಯಾಜ್ಯವೇ ನಡೆಯಿತು. ಬೇರೆಯವರಿಂದ ತುಂಬಿಸಿಕೊಳ್ಳುವುದನ್ನು ಸೋಡಾಕ್ಲಬ್ ತಡೆಯುವಂತಿಲ್ಲವೆಂದು ಅಲ್ಲಿನ ಸ್ಪರ್ಧಾ ನಿಯಂತ್ರಣ ಸಂಸ್ಥೆ 2006ರಲ್ಲಿ ಹೇಳಿತು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಇವತ್ತು ಹತ್ತಿರದ ಅಂಗಡಿಯಲ್ಲಿ ಖಾಲಿ ಕೊಟ್ಟು ತುಂಬಿದ್ದು ತರುವುದು ಹಾಲು ತಂದಷ್ಟು ಸಲೀಸು. ಇಲ್ಲಿ ಆ ಜಾಲ ತೆಳುವಾಗಿದೆ. ಅದಕ್ಕೇ ಸಿಲಿಂಡರಿನ ಬಾಯಿಯ ಥ್ರೆಡ್ ಯಾವುದೆಂದು ನೋಡಬೇಕು. ಬಹುಕಾಲದಿಂದ ಹಲವು ಕಂಪನಿಗಳು ಬಳಸುತ್ತಿರುವ, 21 ಮಿ.ಮೀ. ಅಡ್ಡಳತೆಯ ತಿರುಪಿನ ಬಾಯಿ ಇದ್ದರೆ ಬೇರೆ ಕಂಪನಿಯ ಸಿಲಿಂಡರೂ ಕೂರುತ್ತದೆ. ಸೋಡಾಸ್ಟ್ರೀಮಿನ ಹೊಸ ಯಂತ್ರಗಳಲ್ಲಿ ತಿರುಪದೆ ಸಿಕ್ಕಿಸುವ, ಗುಲಾಬಿ ಬಣ್ಣದ ಗುರುತಿನ ಸಿಲಿಂಡರ್ ಬಂದಿದೆ; ಹಾಕಲು ಸುಲಭ, ಹಳೆಯದರೊಂದಿಗೆ ಹೊಂದದು. ವಿದೇಶದಿಂದ ಯಂತ್ರ ತರುವ ಬಂಧುಗಳಿಗೆ ಇದನ್ನು ಮೊದಲೇ ಹೇಳಬೇಕು. ತುಂಬಿದ ಸಿಲಿಂಡರನ್ನು ವಿಮಾನದ ಸಾಮಾನಿನಲ್ಲಿ ಬಿಡುವುದಿಲ್ಲ. ಬಂದಿಳಿದ ಯಂತ್ರಕ್ಕೆ ಇಲ್ಲಿ ಹೊಂದುವ ಸಿಲಿಂಡರ್ ಸಿಗದಿದ್ದರೆ ಅದು ಷೋಕೇಸಿನ ಗೊಂಬೆ.

ಕೈಗಾರಿಕಾ ಪ್ರದೇಶದ ಅನಿಲ ವ್ಯಾಪಾರಿಗಳು, ಅಗ್ನಿಶಾಮಕ ಸಿಲಿಂಡರ್ ತುಂಬುವವರು ಅಗ್ಗಕ್ಕೆ ತುಂಬಿಕೊಡುವುದುಂಟು. ಅನಿಲ ಅದೇ, ಶುದ್ಧಿ ಅದೇ ಅಲ್ಲ. ಬೆಸುಗೆಗೂ ಬೆಂಕಿ ಆರಿಸುವುದಕ್ಕೂ ಬಳಸುವ ಅನಿಲದಲ್ಲಿ ಎಣ್ಣೆಯ ಲೇಶ, ಕೊಳವೆಯ ವಾಸನೆ ಇದ್ದರೆ ಯಾರಿಗೂ ತೊಂದರೆಯಿಲ್ಲ. ಕುಡಿಯುವ ನೀರಿಗೆ ಆಹಾರ ದರ್ಜೆಯದೇ ಆಗಬೇಕು. ಭಾರತದಲ್ಲಿ ಈ ಅನಿಲಕ್ಕೆ ಐಎಸ್ 307 ಎಂಬ ಮಾನಕವಿದೆ. 500 ಮಿ.ಲೀ. ಮೀರಿದ ಒಳಗಾತ್ರದ ಅನಿಲ ಸಿಲಿಂಡರುಗಳು 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಉಸ್ತುವಾರಿ ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಸೊ ಸಂಸ್ಥೆಯದು. ಸುಮಾರು 600 ಮಿ.ಲೀ. ಗಾತ್ರದ ಸೋಡಾ ಸಿಲಿಂಡರೂ ಇದರೊಳಗೇ ಬೀಳುತ್ತದೆ. ಸಿಲಿಂಡರಿನ ಹೆಗಲ ಮೇಲೆ ಕೆತ್ತಿದ ತಪಾಸಣೆಯ ದಿನಾಂಕ ಹಳತಾಗಿದ್ದರೆ ಪ್ರಾಮಾಣಿಕ ವ್ಯಾಪಾರಿ ತುಂಬುವುದಿಲ್ಲ.

ಬಾಟಲಿ ಮತ್ತು ನೀರು

ಯಂತ್ರದ ಜೊತೆ ಬರುವ ಪೆಟ್ ಬಾಟಲಿಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದು ಕಂಪನಿಯ ಮಾರಾಟದ ಉಪಾಯ ಎಂದು ಕಡೆಗಣಿಸುವಂತಿಲ್ಲ. ಒತ್ತಡ ಏರಿ ಇಳಿದು ಪ್ಲಾಸ್ಟಿಕ್ಕು ದಣಿಯುತ್ತದೆ. ಬಿಸಿನೀರಿನಲ್ಲಿ ತೊಳೆದರೆ ಇನ್ನೂ ಬೇಗ. ತಣ್ಣೀರು, ಸೋಪು ಸಾಕು. ಗಾಜಿನ ಬಾಟಲಿ ಬೇಕೆನ್ನುವವರಿಗೆ ಬೇರೆ ಮಾದರಿಗಳಿವೆ. ಅವುಗಳಲ್ಲಿ ಬಾಟಲಿಯನ್ನು ಲೋಹದ ಕವಚದೊಳಗೆ ಮುಚ್ಚಿದ ಮೇಲೆಯೇ ಅನಿಲ ಬಿಡಲು ಬರುತ್ತದೆ. ಕವಚವಿಲ್ಲದ ಯಂತ್ರಕ್ಕೆ ಮನೆಯಲ್ಲಿದ್ದ ಗಾಜಿನ ಬಾಟಲಿ ಸಿಕ್ಕಿಸುವುದು ಅಪಾಯಕರ. ಸೋಡಾ ಬಾಟಲಿಯ ಚೂರಿನ ಹರಿತವನ್ನು ಹಳೆಯ ಬೀದಿ ಜಗಳಗಳ ಕಥೆ ಕೇಳಿದ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಯಾವ ನೀರು ಹಾಕಬೇಕೆಂಬ ಪ್ರಶ್ನೆಗೆ ಯಂತ್ರದ ಕೈಪಿಡಿಗಳು ಕುಡಿಯುವ ನೀರು ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ರುಚಿಯ ವ್ಯತ್ಯಾಸವೆಲ್ಲ ಇಲ್ಲೇ ಇರುವುದು. ಕರಗಿದ ಅನಿಲದಲ್ಲಿ ಸ್ವಲ್ಪ ಭಾಗ ಕಾರ್ಬಾನಿಕ್ ಆಮ್ಲವಾಗುತ್ತದೆ. ಆರ್‌ಓ ಯಂತ್ರದಿಂದ ಬಂದ, ಲವಣ ತೀರ ಕಡಿಮೆಯಿರುವ ನೀರಿನಲ್ಲಿ ಅದನ್ನು ತಡೆಯುವವರಿಲ್ಲ. ಪಿಎಚ್ ನಾಲ್ಕರ ಆಸುಪಾಸಿಗೆ ಇಳಿದು ನೀರು ನಾಲಗೆಗೆ ಚುಚ್ಚುತ್ತದೆ. ಕೊಳವೆಬಾವಿಯ ಗಡಸು ನೀರಿನ ಬೈಕಾರ್ಬೊನೇಟ್ ಆ ಹುಳಿಯನ್ನು ನುಂಗಿ ಮೆತ್ತಗಾಗಿಸುತ್ತದೆ, ಆದರೆ ಸುಣ್ಣದ ಒಗರು ಉಳಿಯುತ್ತದೆ, ಕೊಳವೆಯ ತುದಿಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಸೋಸಿದ ಕಾವೇರಿ ನೀರು ಹದವಾಗಿ ನಡುವೆ ನಿಲ್ಲುತ್ತದೆ. 

ಸುರಕ್ಷತೆ, ಆರೋಗ್ಯ

ಇಂಗಾಲದ ಡೈಆಕ್ಸೈಡ್ ವಿಷವೆಂದು ಎಣಿಸುವಂಥದಲ್ಲವಾದರೂ ಗಾಳಿಗಿಂತ ಭಾರ, ವಾಸನೆಯಿಲ್ಲ. ಕೋಣೆಯ ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಮುಟ್ಟಿದರೆ ಜೀವಕ್ಕೆ ಕೇಡು. ಚಿಕ್ಕ ಸಿಲಿಂಡರಿನ 425 ಗ್ರಾಂ ಪೂರ್ತಿ ಸೋರಿದರೆ ಸುಮಾರು 235 ಲೀಟರ್ ಅನಿಲ; ಉದ್ದ, ಅಗಲ, ಎತ್ತರ ತಲಾ ಮೂರು ಮೀಟರಿನ ಕೋಣೆಯಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಕಿಟಕಿ ತೆರೆದರೆ ಆಯಿತು. 5 ಕಿಲೋ ಸಿಲಿಂಡರ್ ಅದೇ ಕೋಣೆಯಲ್ಲಿ ಸೋರಿದರೆ ನೂರಕ್ಕೆ ಹತ್ತು. ದೊಡ್ಡ ಸಿಲಿಂಡರನ್ನು ಮಲಗುವ ಕೋಣೆ, ಮುಚ್ಚಿದ ಉಗ್ರಾಣಗಳಲ್ಲಿ ಇಡಬಾರದು ಎನ್ನುವುದು ಈ ಲೆಕ್ಕದಿಂದ.

ಸೋಡಾ ಕುಡಿದರೆ ಮೂಳೆ ಕರಗುತ್ತದೆ ಎಂಬ ಮಾತು ಬಹಳ ಹಬ್ಬಿದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಆಧಾರದಲ್ಲಿ 2006ರಲ್ಲಿ ಪ್ರಕಟವಾದ ವರದಿಯಲ್ಲಿ ಮಹಿಳೆಯರ ಮೂಳೆಸಾಂದ್ರತೆಯ ಕೊರತೆಗೆ ನಂಟು ಕಂಡದ್ದು ಕೋಲಾ ಪಾನೀಯಗಳೊಂದಿಗೆ. ಗುಳ್ಳೆಯ ಬೇರೆ ಪಾನೀಯಗಳೊಂದಿಗೆ ಕಾಣಲಿಲ್ಲ. ಹಲ್ಲಿನ ಮಾತಿಗೆ ಬಂದರೆ, ಬರಿಯ ಸೋಡಾದ ಹುಳಿ ದುರ್ಬಲ, ಬೇಗ ಆರಿಹೋಗುವಂಥದು. ನಿಂಬೆ ಹಿಂಡಿ ಸಕ್ಕರೆ ಬೆರೆಸಿ ದಿನವಿಡೀ ಹೀರಿದರೆ ಕಥೆ ಬೇರೆ. ಹೊಟ್ಟೆಯುಬ್ಬರ, ಎದೆಯುರಿ ಇರುವವರಿಗೆ ಸೋಡಾ ಸುಖ ಕೊಡದು. ತೇಗು ಬಂದರೆ ಜೀರ್ಣವಾಯಿತು ಎಂದು ಊಟದ ಮೇಲೆ ಸೋಡಾ ಕುಡಿಯುವ ನಮ್ಮ ನಂಬಿಕೆಯಲ್ಲಿ ತೇಗಿನ ಬಹುಪಾಲು ಸೋಡಾದ್ದೇ.

ಖರ್ಚು, ಆಯ್ಕೆ

ಮಾರಾಟಗಾರರು ಯಂತ್ರ ಕೊಂಡರೆ ಉಳಿತಾಯ ಎನ್ನುತ್ತಾರೆ. ಒಂದು ಅಂದಾಜು ಹಾಕಬಹುದು. 750 ಮಿ.ಲೀ. ಸೋಡಾ ಬಾಟಲಿಗೆ 20 ರೂಪಾಯಿ ಎಂದಿಟ್ಟುಕೊಂಡರೆ ಲೀಟರಿಗೆ ಸುಮಾರು 27. ಯಂತ್ರಕ್ಕೆ 6,000, ಪ್ರತಿ ಮರುತುಂಬಿಗೆ 600 ರೂಪಾಯಿ, ಅದರಿಂದ 40 ಲೀಟರ್ ಎಂದುಕೊಂಡರೆ ಲೀಟರಿಗೆ ಅನಿಲದ ವೆಚ್ಚ 15. ಉಳಿಯುವುದು ಲೀಟರಿಗೆ 12 ರೂಪಾಯಿಗೆ ಸ್ವಲ್ಪ ಕಡಿಮೆ. ಯಂತ್ರದ ಬೆಲೆ ಮರಳಿ ಬರಲು 500 ಲೀಟರಿಗಿಂತ ಹೆಚ್ಚು ಸೋಡಾ ಮಾಡಬೇಕು. ದಿನಕ್ಕೊಂದು ಲೀಟರ್ ಕುಡಿಯುವ ಮನೆಗೆ ಒಂದೂವರೆ ವರ್ಷ. ವಾರಾಂತ್ಯದಲ್ಲಿ ಎರಡು ಲೀಟರ್ ಮಾಡುವವರಿಗೆ ಐದು ವರ್ಷ, ಅಷ್ಟರಲ್ಲಿ ಬಾಟಲಿಗಳ ಅವಧಿ ಮುಗಿದು ಹೊಸದನ್ನು ಕೊಂಡಿರುತ್ತಾರೆ. ದರಗಳು ಊರೂರಿಗೆ ಬೇರೆ. ತಮ್ಮ ಊರಿನ ದರ ಹಾಕಿ ಇದೇ ಭಾಗಾಕಾರ ಮಾಡಿಕೊಳ್ಳಬೇಕು. ಪ್ಲಾಸ್ಟಿಕ್ ಬಾಟಲಿ ಹೊತ್ತು ತರುವುದು, ಎಸೆಯುವುದು ತಪ್ಪುತ್ತದೆಂಬ ಕಾರಣ ಸಾಕೆನ್ನುವವರಿಗೆ ಈ ಲೆಕ್ಕವೇ ಬೇಡ.

ನೆಂಟರು ಬಂದಾಗಷ್ಟೇ ಸೋಡಾ ಬೇಕಾಗುವ ಮನೆಗೆ ಸೈಫನ್ ಸಾಕು. ವರ್ಷ ಬಿಟ್ಟು ತೆಗೆದರೂ ಗುಳಿಗೆ ಕೆಡುವುದಿಲ್ಲ. ನಿತ್ಯ ಕುಡಿಯುವವರಿಗೆ ಕೈಯಿಂದ ಒತ್ತುವ, ತಿರುಪಿನ ಸಿಲಿಂಡರಿನ ಸಾದಾ ಯಂತ್ರವೇ ಒಳ್ಳೆಯದು. ಕೊಳ್ಳುವ ಮೊದಲು ಅಂಗಡಿಯವರನ್ನು ಯಂತ್ರದ ಗ್ಯಾರಂಟಿಗಿಂತ ಮುಂಚೆ ಇನ್ನೊಂದು ಮಾತು ಕೇಳಿ: ಖಾಲಿ ಸಿಲಿಂಡರ್ ತಂದರೆ ಇಲ್ಲೇ ತುಂಬಿದ್ದು ಕೊಡುತ್ತೀರಾ, ಎಷ್ಟಕ್ಕೆ, ಎಷ್ಟು ದಿನಕ್ಕೆ? ಕೊರಿಯರಿನಲ್ಲಿ ಕಳಿಸಿ ಮೂರು ವಾರ ಕಾಯಬೇಕು ಎಂಬ ಉತ್ತರ ಬಂದರೆ ಎರಡನೆಯ ಸಿಲಿಂಡರಿನ ಬೆಲೆಯನ್ನೂ ಯಂತ್ರದ ಬೆಲೆಗೆ ಸೇರಿಸಿಕೊಳ್ಳಬೇಕು. ಗೊತ್ತಿಲ್ಲ ಎಂಬ ಉತ್ತರ ಬಂದರೆ ಬರಿಗೈಯಲ್ಲಿ ಹೊರಬಂದು, ಬಸ್ ನಿಲ್ದಾಣದ ಬಳಿ ಒಂದು ಗೋಲಿ ಸೋಡಾ ಕುಡಿದು ಮನೆಗೆ ಹೋಗುವುದು ಅಗ್ಗ.